ಮೇ ತಿಂಗಳ ನಾಲ್ಕು ಬಾಟಲಿಗಳು

ನನ್ನ ಅಣ್ಣನಿಗೆ ಬಂದ ಕಾಗದಗಳಲ್ಲಿ ಕೆಲವನ್ನು ಅವನಿಗೆ ಕೊಟ್ಟೆ, ಕೆಲವನ್ನು ಬಚ್ಚಲ ಒಲೆಗೆ ಹಾಕಿದೆ. ಯಾವುದನ್ನು ಕೊಟ್ಟರೆ ಅವನಿಗೆ ನೋವಾಗುತ್ತದೆ, ಯಾವುದನ್ನು ಕೊಟ್ಟರೆ ಅವನು ತಲೆಯೆತ್ತುತ್ತಾನೆ ಎಂದು ಓದಿ, ಆರಿಸಿ, ಹಾಗೆ ಮಾಡಿದೆ. ಕೈತಪ್ಪಿ ಆಯಿತು ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ನಾನು ಓದಿದ್ದು ನಾಲ್ಕನೇ ತರಗತಿ. ಇಷ್ಟು ಉದ್ದ ಬರೆದು ಅಭ್ಯಾಸವಿಲ್ಲ. ಆದರೆ ಇದನ್ನು ಬೇರೆಯವರ ಕೈಯಲ್ಲಿ ಬರೆಸುವಂತಿಲ್ಲ.

ನಮ್ಮದು ಕುಶಾಲನಗರದಿಂದ ಎರಡು ಮೈಲಿ ಒಳಗೆ, ಹೊಳೆಯ ಮಗ್ಗುಲಿನ ಹಳ್ಳಿ. ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಕಟ್ಟಿದವರು. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಯುದ್ಧದ ಕಾಲದಲ್ಲಿ ಒಂದು ಸಂತೆಯ ದಿನ ನೌಕಾಪಡೆಗೆ ಭರ್ತಿ ಮಾಡಿಕೊಳ್ಳುವವರ ಲಾರಿ ಬಂತು. ಬದನೆಕಾಯಿ ಮಾರಲು ಹೋಗಿದ್ದ ಅಣ್ಣ ಬುಟ್ಟಿಗಳನ್ನು ಚಹಾ ಅಂಗಡಿಯಲ್ಲಿ ಇಳಿಸಿ, ಲಾರಿ ಹತ್ತಿ ಹೋದ. ಮನೆಯಲ್ಲಿ ಯಾರಿಗೂ ಒಂದು ಮಾತು ಹೇಳಲಿಲ್ಲ.

ಮಾರನೆಯ ದಿನದಿಂದ ಅವನ ಕೆಲಸ ನನ್ನದಾಯಿತು. ಎತ್ತುಗಳನ್ನು ಹೊಡೆದುಕೊಂಡು ಹೋಗುವುದು, ಗದ್ದೆಗೆ ನೀರು ಕಟ್ಟುವುದು. ನನಗೆ ಹತ್ತು ವರ್ಷ. ಶಾಲೆಯ ಮೇಷ್ಟ್ರು ಮನೆಗೇ ಬಂದು, "ಮಗಳ ಅಕ್ಷರ ಮುತ್ತಿನ ಹಾಗಿದೆ, ಬಿಡಿಸಬೇಡಿ" ಎಂದರು. ಅಪ್ಪ ತಲೆ ಎತ್ತದೆ, "ಮಗನ್ನ ಹುಡುಕ್ಕೊಡಿ ಸ್ವಾಮಿ, ಮಗಳ್ನ ಕಳಿಸ್ತೀನಿ" ಎಂದರು. ಮೇಷ್ಟ್ರು ಎದ್ದು ಹೋದರು.

ಆ ಮುತ್ತಿನಂಥ ಅಕ್ಷರ ಆಮೇಲೆ ಒಂದೇ ಕೆಲಸಕ್ಕೆ ಬಂತು. ಅಣ್ಣನ ವಿಳಾಸ ಒಂದು ವರ್ಷದ ಮೇಲೆ ಸಿಕ್ಕಿತು. ಅವ್ವ ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಮೊದಮೊದಲು ಬೈಗುಳ, ಆಮೇಲೆ ಊರ ಸುದ್ದಿ, ಆಮೇಲೆ ಬಾ ಎನ್ನುವುದೊಂದೇ. ಅವಳಿಗೆ ಎಡಭಾಗ ಬಿದ್ದುಹೋದ ಮೇಲೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ನಾನು ಸಂತೆಯಿಂದ ಬಂದು ಬುಟ್ಟಿ ಇಳಿಸುವ ಮುಂಚೆಯೇ, "ಬಂತಾ?" ಎನ್ನುತ್ತಿದ್ದಳು. ಆ ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು. "ಮುಂದಿನ ವಾರ ಬತ್ತದೆ ಕಣವ್ವ" ಎನ್ನುತ್ತಿದ್ದೆ. ಐದು ವರ್ಷ ಹಾಗೆ ಹೇಳಿದೆ. ಒಂದು ಸಾಲೂ ಬರಲಿಲ್ಲ. ಅವ್ವ ಹೋದ ಸುದ್ದಿಯನ್ನೂ ನಾನೇ ಬರೆದೆ. ಅದಕ್ಕೂ ಉತ್ತರ ಬರಲಿಲ್ಲ.

ಅಣ್ಣ ತಾನಾಗಿಯೇ ಬಂದ. ಆಗ ಕೊಡಗು ತನ್ನದೇ ರಾಜ್ಯವಾಗಿತ್ತು. ಮೊದಲ ಸಲ ಓಟು ಹಾಕಿ ಕೆಲವು ತಿಂಗಳಾಗಿತ್ತು. ಮೈಸೂರು ಬಸ್ಸಿನಿಂದ ಇಳಿದು, ಹೆಗಲ ಮೇಲೆ ಒಂದು ಕ್ಯಾನ್ವಾಸ್ ಚೀಲ ಹಾಕಿಕೊಂಡು, ಕಬ್ಬಿನ ಗದ್ದೆಯ ಬದುವಿನ ಮೇಲೆ ನಡೆದು ಬಂದ. ಅಪ್ಪ ಅವನನ್ನು ನೋಡಿ ಅತ್ತರು. ನಾನು ಅಳಲಿಲ್ಲ. ಊಟಕ್ಕೆ ಬಡಿಸುವಾಗ ಕೇಳಿದೆ.

"ನಾ ಬರೆದ ಕಾಗದ ಸಿಗ್ತಿದ್ವಾ?"

"ಸಿಕ್ತಿದ್ವು."

"ಎಲ್ಲಾನೂ?"

"ಎಲ್ಲಾನೂ ಸಿಕ್ತು ಕಣೆ. ಎಲ್ಲಾ ಮಡಗಿದೀನಿ." ತಟ್ಟೆಯಲ್ಲಿ ಮುದ್ದೆ ಮುರಿಯುತ್ತ, "ಏನಂತ ಬರೀಲಿ ಹೇಳು. ಬರೆಯಕೆ ಏನೂ ತೋಚ್ತಿರಲಿಲ್ಲ" ಎಂದ.

ಒಂದೂ ಸಿಕ್ಕಿರಲಿಲ್ಲ ಎಂದು ಅವನು ಸುಳ್ಳು ಹೇಳಿದ್ದರೆ ನಾನು ಅವನನ್ನು ಕ್ಷಮಿಸುತ್ತಿದ್ದೆ. ಅವತ್ತು ಸಾರಿನ ಸೌಟು ಹಿಡಿದು ನಿಂತಲ್ಲೇ ತೀರ್ಮಾನ ಮಾಡಿದೆ. ಇವನೂ ಒಂದು ದಿನ ಬಂತಾ ಎಂದು ಕೇಳಬೇಕು. ನಾನು ಇಲ್ಲ ಎನ್ನಬೇಕು.

ಅದಕ್ಕೆ ಒಂದು ವರ್ಷಕ್ಕೂ ಮೇಲೆ ಕಾಯಬೇಕಾಯಿತು.

ಯುದ್ಧ ಮುಗಿದ ಮೇಲೆ ಅಣ್ಣ ಒಂದು ಸರಕಿನ ಹಡಗಿಗೆ ಸೇರಿ ಸುಕ್ಕಾನಿಯಾಗಿದ್ದ, ಅಂದರೆ ಚಕ್ರ ಹಿಡಿದು ಹಡಗು ನಡೆಸುವವನು. ಕಲ್ಕತ್ತದಿಂದ ಹೊರಟು ಜಾವಾದ ಆಚೆಗೆಲ್ಲ ಹೋಗಿ ಬರುವ ಹಡಗು. ಜಾವಾದ ಪೂರ್ವಕ್ಕೆ ಬಾಲಿ, ಲೊಂಬೊಕ್ ಎಂದು ಎರಡು ದ್ವೀಪ. ಎರಡರ ನಡುವೆ ಇಕ್ಕಟ್ಟಾದ ಕಡಲ ಗಂಡಿ. ಗಂಡಿಯ ಬಡಗಣಕ್ಕೆ ಒಂದು ಕಡಲು, ತೆಂಕಣಕ್ಕೆ ನಮ್ಮ ಹಿಂದೂ ಮಹಾಸಾಗರ. ಆ ಗಂಡಿಯಲ್ಲಿ ನೀರು ನಿಲ್ಲುವುದಿಲ್ಲ, ಹೊಳೆಯ ಹಾಗೆ ಹರಿಯುತ್ತಲೇ ಇರುತ್ತದೆ, ಯಾವಾಗಲೂ ತೆಂಕಣಕ್ಕೇ ಹರಿಯುತ್ತದೆ ಎಂದು ಹಡಗಿನವರ ಪುಸ್ತಕದಲ್ಲಿ ಬರೆದಿತ್ತಂತೆ.

ಅಣ್ಣ ಮನೆಗೆ ಬರುವ ಮುಂಚಿನ ಮೇ ತಿಂಗಳಲ್ಲಿ ಅವರ ಹಡಗು ಆ ಗಂಡಿಯನ್ನು ಇಳಿಯುತ್ತಿತ್ತು. ಊಟದ ನಂತರದ ಹೊತ್ತು, ಮಳೆಯ ಮಬ್ಬು, ದಡ ಕಾಣುತ್ತಿರಲಿಲ್ಲ. ಅಧಿಕಾರಿ ಗಡಿಯಾರ ನೋಡಿ, ಗಂಡಿಯ ಬಾಯಲ್ಲಿರುವ ದ್ವೀಪ ದಾಟಿದೆವು, ಇನ್ನು ಪಡುವಣಕ್ಕೆ ತಿರುಗಿಸು ಎಂದನಂತೆ. ಒಂದು ಕ್ಷಣ ಮಬ್ಬು ಸರಿದಾಗ ಅಣ್ಣನಿಗೆ ಆ ದ್ವೀಪ ಇನ್ನೂ ಮುಂದೆಯೇ ಕಂಡಿತು. "ಸಾಹೇಬ್ರೆ, ನೀರು ನಮ್ಮನ್ನ ಹಿಂದಕ್ಕೆ ತಳ್ತಾ ಅದೆ, ಇನ್ನೂ ದಾಟಿಲ್ಲ" ಎಂದ. ಇಲ್ಲಿ ನೀರು ಹಿಂದಕ್ಕೆ ಹರಿಯುವುದಿಲ್ಲ, ಹೇಳಿದ್ದು ಮಾಡು ಎಂದ ಅಧಿಕಾರಿ. ತಿರುಗಿದ ಹಡಗು ಹವಳದ ಬಂಡೆಗೆ ಬಡಿಯಿತು. ಕೆಳಗೆ ಉಗಿಯ ಕೊಳವೆ ಒಡೆದು, ಬೆಂಕಿ ಕೆಲಸದ ಒಬ್ಬ ಆಳು ಬೆಂದು ಸತ್ತ. ಚಿತ್ತಗಾಂಗ್ ಕಡೆಯವನು, ಅವನಿಗೆ ತಾಯಿ ಒಬ್ಬಳೇ.

ಕಲ್ಕತ್ತದಲ್ಲಿ ನಡೆದ ವಿಚಾರಣೆಯಲ್ಲಿ ಅಧಿಕಾರಿ, ತನ್ನ ಲೆಕ್ಕ ಸರಿಯಾಗಿತ್ತು, ಸುಕ್ಕಾನಿ ಊಟ ಮಾಡಿ ತೂಕಡಿಸಿ ದಾರಿ ತಪ್ಪಿಸಿದ ಎಂದ. ನೀರು ಬಡಗಣಕ್ಕೆ ಹರಿಯಿತು ಎಂದ ಅಣ್ಣನ ಮಾತಿಗೆ ನಕ್ಕರಂತೆ. ಅವನ ಕೆಲಸದ ಪುಸ್ತಕದಲ್ಲಿ ಕೆಟ್ಟ ಮುದ್ರೆ ಬಿತ್ತು. ಹೊಸ ಸಾಕ್ಷಿ ಏನಾದರೂ ಇದ್ದರೆ ಮೂರು ವರ್ಷದೊಳಗೆ ತರಬಹುದು ಎಂದು ಒಂದು ಸಾಲು ಬರೆದುಕೊಟ್ಟರು.

ಆ ಸಾಲಿನ ಮೇಲೆ ಅಣ್ಣ ಬದುಕುತ್ತಿದ್ದ. ನಮ್ಮ ಪಡಸಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಎರಡು ದ್ವೀಪ ಬರೆದ. ಅವುಗಳ ಸುತ್ತ ಮಿಕ್ಕ ದ್ವೀಪಗಳು, ಊರುಗಳ ಹೆಸರು. ಬಂದವರಿಗೆಲ್ಲ ತೋರಿಸುತ್ತಿದ್ದ. "ಒಂದೇ ಒಂದು ಸಲ ಅಲ್ಲಿ ನೀರು ಮ್ಯಾಕೆ ಹರೀತದೆ ಅಂತ ತೋರ್ಸಿದ್ರೆ ಸಾಕು. ನಾನು ನಿದ್ದೆ ಮಾಡಿರಲಿಲ್ಲ ಅಂತ ಆಯ್ತದೆ. ಆ ಜೀವ ನನ್ನಿಂದ ಹೋಗಲಿಲ್ಲ ಅಂತ ಆಯ್ತದೆ" ಎನ್ನುತ್ತಿದ್ದ.

ತೋರಿಸುವ ಉಪಾಯವನ್ನೂ ಮಾಡಿಕೊಂಡೇ ಬಂದಿದ್ದ. ಅವನ ಜೊತೆ ಕೆಲಸ ಮಾಡಿದ್ದ ಅಡುಗೆಯವನು, ಹಡಗಿನ ಭಾಷೆಯಲ್ಲಿ ಭಂಡಾರಿ, ಕಾಸರಗೋಡಿನವನು. ಅವನು ಇನ್ನೊಂದು ಹಡಗಿಗೆ ಸೇರಿ ಅದೇ ಗಂಡಿಯಲ್ಲಿ ಓಡಾಡುತ್ತಿದ್ದ. ಪ್ರತಿ ಸಲ ದಾಟುವಾಗ ಏಳೆಂಟು ಬಾಟಲಿಗಳನ್ನು ನೀರಿಗೆ ಬಿಡಬೇಕು. ಒಳಗೆ ಒಂದು ಚೀಟಿ, ಬಿಟ್ಟ ದಿನ ಬರೆದದ್ದು. ಸಿಕ್ಕ ಬೆಸ್ತರು ಅದನ್ನು ಹತ್ತಿರದ ಬಂದರಿನ ಇಂಥ ಅಂಗಡಿಗೆ ಕೊಟ್ಟರೆ ಅಂಗಡಿಯವನು ಒಂದು ಕಟ್ಟು ಮೀನಿನ ಗಾಳ ಕೊಡುತ್ತಾನೆ ಎಂದು ಅವರ ಭಾಷೆಯಲ್ಲೇ ಬರೆಸಿತ್ತು. ಗಾಳಗಳನ್ನು ಅಣ್ಣ ಮಂಗಳೂರಿನಿಂದ ತರಿಸಿ ಭಂಡಾರಿಗೆ ಕಳಿಸುತ್ತಿದ್ದ. ಅಂಗಡಿಯವನು ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಎಂದು ಚೀಟಿಯ ಬೆನ್ನಿಗೆ ಬರೆದು ಇಡುವನು. ಭಂಡಾರಿ ಅದರ ಕೆಳಗೆ ಕನ್ನಡದಲ್ಲಿ ಬರೆದು ನಮ್ಮ ವಿಳಾಸಕ್ಕೆ ಕಳಿಸುವನು.

ಬಾಟಲಿ ಹೇಗಿರಬೇಕು ಎಂದು ಅಣ್ಣ ನಮ್ಮ ಹೊಳೆಯಲ್ಲೇ ಪರೀಕ್ಷೆ ಮಾಡಿದ. ಸಿದ್ದಾಪುರದ ಎಸ್ಟೇಟಿನ ಬಂಗಲೆಗಳಿಂದ ಖಾಲಿ ಬಾಟಲಿ ತಂದು, ಒಳಗೆ ಮರಳು ಹಾಕಿ, ಬಿರಡೆಯ ಮೇಲೆ ಜೇನುಮೇಣ ಹಚ್ಚಿ ಬಿಡುವುದು. ಮರಳು ಕಡಿಮೆಯಾದರೆ ಬಾಟಲಿ ಮೇಲೆದ್ದು ಗಾಳಿಗೆ ಸಿಕ್ಕುತ್ತದೆ. ಹೆಚ್ಚಾದರೆ ಮುಳುಗುತ್ತದೆ. ಕತ್ತು ಮಾತ್ರ ನೀರಿನ ಮೇಲೆ ಇರಬೇಕು.

"ಗಾಳಿ ಹಿಡ್ಕೊಂಡ ಬಾಟ್ಲಿ ಸುಳ್ಳು ಹೇಳ್ತದೆ. ನೀರು ಹಿಡ್ಕೊಂಡ ಬಾಟ್ಲಿ ನಿಜ ಹೇಳ್ತದೆ" ಎಂದ. ನಾನು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕೆಳಗಿನ ತಿರುವಿನಲ್ಲಿ ಬಾಟಲಿ ಹಿಡಿಯುತ್ತಿದ್ದೆ. ಹೊಳೆ ಆಚೆ ಬಟ್ಟೆ ಒಗೆಯುತ್ತಿದ್ದವರು, "ಏನಪ್ಪಾ ಕಪ್ತಾನ, ತಂಗೀನೂ ಭರ್ತಿ ಮಾಡ್ಕೊಂಡ್ಯಾ?" ಎಂದು ಕೂಗುತ್ತಿದ್ದರು.

ನೀರು ಹಿಂದಕ್ಕೆ ಹರಿಯುವುದು ಹೇಗೆ ಎಂದು ಅಪ್ಪನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಒಂದು ದಿನ ನಾಟಿ ಗದ್ದೆಯಲ್ಲಿ ಎರಡು ಮಡಿಗಳ ನಡುವಿನ ಕಂಡಿ ತೆಗೆಯುತ್ತಿದ್ದೆ. ಅಣ್ಣ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹೇಳುತ್ತಿದ್ದ. ಬಡಗಣದ ಕಡಲಿನ ಆಚೆ ಇನ್ನೊಂದು ಮಹಾಸಾಗರವಿದೆ. ಅಲ್ಲಿನ ಗಾಳಿ ವರ್ಷವೆಲ್ಲ ನೀರನ್ನು ಈ ಕಡೆಗೆ ತಳ್ಳಿ ತಳ್ಳಿ ಒಂದು ಗೇಣು ಎತ್ತರ ಮಾಡಿ ಇಟ್ಟಿರುತ್ತದೆ. ಅದಕ್ಕೇ ನೀರು ಗಂಡಿಯಲ್ಲಿ ತೆಂಕಣಕ್ಕೆ ಇಳಿಯುವುದು.

ನಾನು ಗುದ್ದಲಿ ನಿಲ್ಲಿಸಿ, "ಕೆಳಗ್ಲ ಮಡಿ ತುಂಬಿಬಿಟ್ರೆ?" ಎಂದೆ.

"ಹ್ಞಾ?"

"ಕೆಳಗ್ಲ ಮಡಿಗೆ ಬೇರೆ ಕಡೆಯಿಂದ ನೀರು ನುಗ್ಗಿ ತುಂಬಿದ್ರೆ, ಇದೇ ಕಂಡೀಲಿ ಮೇಲಕ್ಕೆ ಬತ್ತದಲ್ಲ. ಇಲ್ಲಿ ದಿನಾ ನೋಡ್ತೀನಿ."

ಅಣ್ಣ ಎದ್ದು ನಿಂತ. ಮಳೆಗಾಲ ಹುಟ್ಟುವ ಮುಂಚೆ ನಮ್ಮ ಸಾಗರದ ನಡುವೆ ಗಾಳಿ ಪೂರ್ವಕ್ಕೆ ಬೀಸಿ ನೀರನ್ನು ಸುಮಾತ್ರಾ, ಜಾವಾ ಕಡೆಗೆ ತಳ್ಳುತ್ತದೆ, ಆ ನೀರು ಅಲೆಯಾಗಿ ದಡ ಹಿಡಿದು ಗಂಡಿಯ ತನಕ ಬರುತ್ತದೆ ಎಂದು ಬಾಲಿಯ ಒಬ್ಬ ಮುದುಕ ಬೆಸ್ತ ಅವನಿಗೆ ಹೇಳಿದ್ದನಂತೆ. ಒಂದು ವರ್ಷ ಜೋರು, ಒಂದು ವರ್ಷ ಇಲ್ಲವೇ ಇಲ್ಲ. ಮುದುಕ ಹೇಳಿದ್ದು ಅಣ್ಣನಿಗೆ ಅಲ್ಲಿಯವರೆಗೆ ಸರಿಯಾಗಿ ಕೂತಿರಲಿಲ್ಲ. "ಆ ವಿಚಾರಣೆ ಕುರ್ಚೀಲಿ ನಿನ್ನ ಕೂರಿಸ್ಬೇಕಿತ್ತು ಕಣೆ. ನಾಲ್ಕನೇ ಕ್ಲಾಸಿಗೇ ಹಿಂಗಿದ್ರೆ, ಇನ್ನೂ ಓದಿದ್ರೆ ಏನಾಗ್ತಿದ್ಯೋ" ಎಂದು ನಕ್ಕ.

ಯಾರಿಂದಾಗಿ ಓದಲಿಲ್ಲ ಎಂದು ಅವನಿಗೆ ಹೊಳೆಯಲೇ ಇಲ್ಲ. ನಾನು ಕಂಡಿಗೆ ಮಣ್ಣು ಹಾಕಿ ತುಳಿದೆ.

ನಮ್ಮ ಹಳ್ಳಿಯ ಟಪಾಲು ಕುಶಾಲನಗರದ ಚಹಾ ಅಂಗಡಿಯಲ್ಲಿ ಇಳಿಯುತ್ತಿತ್ತು. ಅಂಗಡಿ ಒಬ್ಬ ಮಲೆಯಾಳಿ ಮಾಪಿಳ್ಳೆಯದು. ಎಲ್ಲರೂ ಅವನನ್ನು ಕಾಕ ಎನ್ನುತ್ತಿದ್ದರು. ಸಂತೆಗೆ ಹೋದವರು ತಮ್ಮ ತಮ್ಮ ಮನೆಯ ಕಾಗದ ಕೇಳಿ ತರುವುದು ರೂಢಿ. ಮೊದಲ ಒಂದು ತಿಂಗಳು ಅಣ್ಣನೇ ಹೋದ. ಸಂತೆಯಲ್ಲಿ ಅವನನ್ನು ಕಂಡರೆ ತಮಾಷೆ. "ಬಂದ ನೋಡ್ರೋ ಹಡಗು ಮುಳುಗಿಸ್ದವ್ನು." "ಎತ್ತಿನ ಗಾಡಿ ಹತ್ತಬ್ಯಾಡ್ವೋ ಮಾರಾಯ, ಹಾರಂಗಿ ಹೊಳೆಗೆ ಹಾಕಿಬಿಟ್ಟೀಯ." ಕುಟ್ಟದ ಕಡೆಯಿಂದ ಮೆಣಸು ಕೊಳ್ಳಲು ಬರುವ ಸಾಬಿ ಒಬ್ಬ, ಹಡಗಿನಲ್ಲಿ ನಿದ್ದೆ ಮಾಡಲು ಹಾಸಿಗೆ ಕೊಡುತ್ತಾರೋ, ನಿಂತೇ ಮಾಡಬೇಕೋ ಎಂದು ಕೇಳಿದ. ಅಣ್ಣ ಸಂತೆಗೆ ಹೋಗುವುದನ್ನು ಬಿಟ್ಟ. ನಾನು ಮೊದಲಿನಿಂದಲೂ ತರಕಾರಿ ಹೊತ್ತು ಹೋಗುತ್ತಿದ್ದೆ. ಕಾಗದ ತರುವುದೂ ನನಗೇ ಬಂತು.

ಮಾರನೆಯ ವರ್ಷ ಕಾಫಿ ಹಣ್ಣಾಗುವ ಹೊತ್ತಿಗೆ ಮೊದಲ ಲಕೋಟೆ ಬಂತು. ಕಾಕ ಅದನ್ನು ಸಕ್ಕರೆ ಡಬ್ಬಿಯ ಹಿಂದಿನಿಂದ ತೆಗೆದು, "ತಂಗಚ್ಚಿ, ನಿಂಗೊಂದು ಕಡಲಾಚೆ ಕಾಗದ ಉಂಟು. ಮಾಪಿಳ್ಳೆ ಬರೆದದ್ದೋ?" ಎಂದ. ಅವನ ಭಾಷೆಯಲ್ಲಿ ಮಾಪಿಳ್ಳೆ ಎಂದರೆ ಮದುಮಗ.

"ನಿಮ್ ಬಾಯಿಗೆ ಮಣ್ಣು ಹಾಕ. ಅಣ್ಣನ್ದು ಅದು."

ಆ ಲಕೋಟೆಯನ್ನು ನಾನು ಒಡೆಯಲೂ ಇಲ್ಲ, ಕೊಡಲೂ ಇಲ್ಲ. ರಾಗಿ ತುಂಬಿಡುವ ವಾಡೆಯ ಹಿಂದೆ ಇಟ್ಟೆ. ಅಣ್ಣ ಹೊಳೆ ದಾರಿಯ ಸೀಬೆ ಮರದವರೆಗೆ ಎದುರು ಬಂದು ನಿಂತಿದ್ದ.

"ಬಂತಾ?" ಎಂದ.

"ಇಲ್ಲ ಕಣಣ್ಣ."

ಅವನ ಮುಖ ಇಳಿದದ್ದು ನೋಡಿ ನನಗೆ ಹಸಿವು ಹಿಂಗಿದ ಹಾಗಾಯಿತು. ಅವತ್ತು ಮಧ್ಯಾಹ್ನ ನಾನು ಪಾತ್ರೆ ತಿಕ್ಕುವಾಗ ಹಾಡಿಕೊಂಡೆ. ಅಪ್ಪ, "ಏನು, ಬದನೆಕಾಯಿ ಎಲ್ಲಾ ಹೋಯ್ತಾ?" ಎಂದು ಕೇಳಿದರು. ಆರು ಸಂತೆ ಹೀಗೆ ನಡೆಯಿತು. ಆರು ಸಲ ಬಂತಾ, ಆರು ಸಲ ಇಲ್ಲ. ಏಳನೆಯ ಸಲ ಅವನು ಮರದ ಹತ್ತಿರ ಬರಲಿಲ್ಲ. ಬಾಗಿಲಲ್ಲಿ ಕೂತಿದ್ದವನು ನನ್ನ ಮುಖವನ್ನಷ್ಟೇ ನೋಡಿದ. ಆಗ ನನಗೆ ಇದು ಸಾಲದು ಅನ್ನಿಸಿತು. ಸುಮ್ಮನೆ ಕಾಯುವವನು ನಿಧಾನಕ್ಕೆ ಕಾಯುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾನೆ.

ಲಕೋಟೆ ಒಡೆದೆ. ಐದು ಚೀಟಿ. ಆ ವರ್ಷದ ಮೇ ತಿಂಗಳಲ್ಲಿ ಬಿಟ್ಟವು. ಭಂಡಾರಿಯ ಕನ್ನಡ ದಪ್ಪ ದಪ್ಪಗೆ ಇತ್ತು. ಐದೂ ಜಾವಾದ ತೆಂಕಣ ದಂಡೆಯಲ್ಲಿ ಸಿಕ್ಕಿದ್ದವು. ಗೋಡೆಯ ಮೇಲೆ ಬೆರಳಿಟ್ಟು ನೋಡಿದೆ. ಗಂಡಿಯಿಂದ ಹೊರಗೆ, ಕೆಳಗೆ. ಪುಸ್ತಕ ಹೇಳಿದ ದಿಕ್ಕು. ಅಂದರೆ ಅಣ್ಣನ ಮಾತಿಗೆ ವಿರುದ್ಧ.

ಹೊಸ ಲಕೋಟೆಯೊಂದನ್ನು ಹುಡುಕುವ ಕಷ್ಟವಿರಲಿಲ್ಲ. ಹರಿದ ಬಾಯಿಗೆ ಅನ್ನದ ಅಂಟು ಹಚ್ಚಿ ಮುಚ್ಚಿ, ಮುಂದಿನ ಸಂತೆಯಿಂದ ತಂದಂತೆ ತಂದು ಅವನ ಕೈಗೆ ಕೊಟ್ಟೆ. ಅವನು ಬದಿಗೆ ತಿರುಗಿ ನಿಂತು ಓದಿದ. ಒಂದೊಂದೇ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ, "ಈ ವರ್ಷ ತಿರುಗಿಲ್ಲ. ಎಲ್ಲಾ ವರ್ಷನೂ ತಿರುಗಲ್ಲ ಅಂತ ಮುದುಕ ಹೇಳಿದ್ನಲ್ಲ" ಎಂದ. ನನಗೆ ಹೇಳಿದ್ದಲ್ಲ. ತನಗೇ ಹೇಳಿಕೊಂಡದ್ದು.

ಅಲ್ಲಿಂದ ಮುಂದೆ ನಾನು ಜಾಣೆಯಾದೆ. ಮಳೆಗಾಲದ ಬಾಟಲಿಗಳ ಚೀಟಿ, ಚಳಿಗಾಲದ ಬಾಟಲಿಗಳ ಚೀಟಿ ಬಂದವು. ಮಳೆಗಾಲದವು ಓಡಿ ಓಡಿ ತೆಂಕಣಕ್ಕೆ ಹೋಗಿದ್ದವು. ಮೂರನ್ನು ಮುಂದಕ್ಕೆ ಇರಲೆಂದು ಒಂದು ಲಕೋಟೆಯ ಜೊತೆ ಉಳಿಸಿಕೊಂಡು, ಮಿಕ್ಕವನ್ನು ತಕ್ಷಣ ಕೊಟ್ಟೆ. ಚಳಿಗಾಲದ ಚೀಟಿಗಳು ಒಂದು ಅಲ್ಲಿ, ಒಂದು ಇಲ್ಲಿ, ಕೆಲವು ಗಂಡಿಯ ಬಾಯಲ್ಲೇ ಸುತ್ತಿ ವಾರವಾದ ಮೇಲೆ ಸಿಕ್ಕಿದ್ದವು. ಅಂಥ ಅನುಮಾನದವುಗಳನ್ನು ಕಡಿಮೆ ಮಾಡಿ ಕೊಟ್ಟೆ. ಅಣ್ಣ ಒಂದು ನೋಟ್‌ಬುಕ್ಕಿನಲ್ಲಿ ಬಾಣಗಳನ್ನು ಬರೆಯುತ್ತಿದ್ದ. ಎಲ್ಲ ಬಾಣವೂ ಕೆಳಗೇ. ಆ ಬಾಣಗಳನ್ನು ಬರೆದವಳು ನಾನು ಎಂದು ನನಗೆ ಗೊತ್ತಿತ್ತು. ಶಾಲೆಯಲ್ಲಿ ಕೂತು ಬರೆಯದೆ ಉಳಿದದ್ದನ್ನೆಲ್ಲ ಅಲ್ಲಿ ಬರೆದ ಹಾಗಿತ್ತು.

ಎರಡನೆಯ ವರ್ಷದ ಮೇ ತಿಂಗಳ ಚೀಟಿಗಳು ಆ ದಸರೆಯ ಹೊತ್ತಿಗೆ ಬಂದವು. ಸಂತೆಯಿಂದ ಬರುವಾಗ ದಾರಿಯಲ್ಲೇ, ಹುಣಿಸೆ ಮರದ ಕೆಳಗೆ ಬುಟ್ಟಿ ಇಳಿಸಿ ಒಡೆದೆ. ನಾಲ್ಕು ಚೀಟಿ. ನಾಲ್ಕೂ ಗಂಡಿಯ ತೆಂಕಣ ಬಾಯಲ್ಲಿ ಬಿಟ್ಟವು. ಸಿಕ್ಕಿದ್ದು ಬಡಗಣದ ಕಡಲಿನಲ್ಲಿ. ಎರಡು ಬಾಲಿಯ ಮೇಲಿನ ದಂಡೆಯಲ್ಲಿ, ಎರಡು ಅದಕ್ಕೂ ಮೇಲಿನ ದ್ವೀಪಗಳಲ್ಲಿ. ಭಂಡಾರಿ ಒಂದು ಹಾಳೆಯಲ್ಲಿ ಬರೆದಿದ್ದ: "ಸುಕ್ಕಾನಿ ಸಾಹೇಬರೆ, ನಿಮ್ಮ ನೀರು ಈ ಸಲ ತಿರುಗಿತು. ನಮ್ಮ ಹಡಗೂ ಅವತ್ತು ಗಂಡಿ ಇಳಿಯಲು ಎರಡು ಗಂಟೆ ಜಾಸ್ತಿ ತೆಗೆದುಕೊಂಡಿತು. ನಮ್ಮ ಅಧಿಕಾರಿ ತಮ್ಮ ದಿನಚರಿಯಲ್ಲಿ ಬರೆದಿದ್ದಾರೆ, ಬೇಕಾದರೆ ಹೇಳುತ್ತಾರೆ. ಬೇಗ ಕಲ್ಕತ್ತಕ್ಕೆ ಹೊರಡಿ. ನೀವು ನಿದ್ದೆ ಮಾಡಿರಲಿಲ್ಲ."

ಒಂದೇ ತಿಂಗಳು, ಎರಡು ವರ್ಷ, ಎರಡು ದಿಕ್ಕು. ಗದ್ದೆಯ ಕಂಡಿಯಲ್ಲಿ ನಾನು ಹೇಳಿದ್ದೇ ಆಗಿತ್ತು. ನನಗೆ ಒಂದು ಕ್ಷಣ ಹೆಮ್ಮೆಯಾಯಿತು. ಅದನ್ನು ಅವನಿಗೆ ಹೇಳಬೇಕು, ನೋಡು ನಾನು ಹೇಳಿರಲಿಲ್ಲವಾ ಎನ್ನಬೇಕು ಅನ್ನಿಸಿತು. ಎದ್ದು ಬುಟ್ಟಿ ಹೊತ್ತುಕೊಂಡೆ. ನಡೆಯುತ್ತ ನಡೆಯುತ್ತ, ಇದನ್ನು ಕೊಟ್ಟರೆ ಅವನು ಮತ್ತೆ ಹೊರಟುಹೋಗುತ್ತಾನೆ, ಗೆದ್ದು ಹೋಗುತ್ತಾನೆ, ಎತ್ತು ಗದ್ದೆ ಅಪ್ಪ ಎಲ್ಲ ನನಗೇ ಉಳಿಯುತ್ತದೆ, ಅವ್ವ ಕೇಳಿ ಕೇಳಿ ಸತ್ತದ್ದಕ್ಕೆ ಇವನಿಗೆ ಏನೂ ಆಗಲೇ ಇಲ್ಲ ಎಂದಾಗುತ್ತದೆ ಎಂದು ಲೆಕ್ಕ ಹಾಕಿದೆ. ಬಾಗಿಲಲ್ಲಿ ಕೂತಿದ್ದ ಅಣ್ಣ ಅವತ್ತು ಬಾಯಿಬಿಟ್ಟು ಕೇಳಿದ.

"ಮೇ ತಿಂಗಳದು ಬಂತಾ?"

"ಇಲ್ಲ."

"ಭಂಡಾರಿ ಮರೆಯೋನಲ್ಲವಲ್ಲ."

"ಬಾಟ್ಲಿ ಎಲ್ಲಾ ಒಡೆದು ಹೋದ್ವೇನೋ. ನಂಗೇನು ಗೊತ್ತು."

ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಹಾಕಿದೆ. ಲಕೋಟೆ, ಅಂಚೆಚೀಟಿ, ಭಂಡಾರಿಯ ಹಾಳೆ, ನಾಲ್ಕು ಚೀಟಿ. ಚೀಟಿಗಳಿಗೆ ಮೇಣದ ಜಿಡ್ಡು ಹತ್ತಿತ್ತು, ಚೆನ್ನಾಗಿ ಉರಿದವು. ಆ ನೀರಿನಲ್ಲಿ ಅಣ್ಣ ಸ್ನಾನ ಮಾಡಿದ.

ಇನ್ನೊಂದು ವಾರ ಬಿಟ್ಟು, ಉಳಿಸಿಟ್ಟಿದ್ದ ಹಳೆಯ ಲಕೋಟೆಯಲ್ಲಿ ಮಳೆಗಾಲದ ಆ ಮೂರು ಚೀಟಿಗಳನ್ನು ಹಾಕಿ ಕೊಟ್ಟೆ. ಮೂರೂ ತೆಂಕಣಕ್ಕೆ. ಅದೇ ಕೊನೆಯ ಪೆಟ್ಟು ಎಂದು ನನಗೆ ಗೊತ್ತಿರಲಿಲ್ಲ.

ಅಣ್ಣ ಮೂರು ದಿನ ಗೋಡೆಯ ಎದುರು ಕೂತ. ನಾಲ್ಕನೆಯ ದಿನ ಬೆಳಗ್ಗೆ ರೊಟ್ಟಿ ತಿಂದಮೇಲೆ, "ಕಾಗದ ತಗೊಂಡು ಬಾ. ನಿನ್ನ ಅಕ್ಷರ ಚೆನ್ನಾಗದೆ, ನೀನು ಬರಿ" ಎಂದ. ಅವ್ವ ಹೇಳಿ ಬರೆಸುತ್ತಿದ್ದ ಕಂಬದ ಪಕ್ಕದಲ್ಲೇ ಕೂತೆ. ಬೇಕೆಂದೇ ಅಲ್ಲಿ ಕೂತೆ.

ಮೊದಲನೆಯದು ಭಂಡಾರಿಗೆ. ಇನ್ನು ಬಾಟಲಿ ಬಿಡುವುದು ಬೇಡ, ನಿನಗೆ ತೊಂದರೆ ಕೊಟ್ಟೆ, ಪುಸ್ತಕದಲ್ಲಿ ಬರೆದಿರುವುದೇ ಸರಿ ಎಂದು ಕಾಣುತ್ತದೆ. ನಾನು ಬರೆದೆ. ಎರಡನೆಯದು ಚಿತ್ತಗಾಂಗಿನ ಆ ತಾಯಿಗೆ. ಭಂಡಾರಿ ಯಾರಿಂದಲಾದರೂ ಅವಳ ಭಾಷೆಯಲ್ಲಿ ಬರೆಸಿ ಕಳಿಸಬೇಕು.

"ಅಮ್ಮ, ನಿಮ್ಮ ಮಗ ಸತ್ತ ದಿನ ಚಕ್ರ ಹಿಡಿದಿದ್ದವನು ನಾನು. ಅದನ್ನ ಬರಿ."

ಬರೆದೆ.

"ನಾನು ಎಚ್ಚರವಾಗಿದ್ದೆ ಅಂತ ಎಲ್ಲರ ಹತ್ರ ಹೇಳ್ದೆ. ಹಂಗೆ ಅಂದ್ಕೊಂಡಿದ್ದೆ. ಈಗ ಕಾಣ್ತದೆ, ನಾನೇ ನಿದ್ದೆ ಮಾಡಿರಬೇಕು. ನಿಮ್ಮ ಮಗ ಹೋಗಿದ್ದು ನನ್ನಿಂದ."

ನನ್ನ ಲೇಖನಿ ನಿಂತಿತು. ಅವನು ಸಂಕಟಪಡಬೇಕು ಎಂದಿದ್ದೆ. ಕಾಯಬೇಕು, ಸೋಲಬೇಕು, ನಮ್ಮ ಗದ್ದೆಯಲ್ಲಿ ಕೊಳೆಯಬೇಕು ಎಂದಿದ್ದೆ. ಅವನು ಒಂದು ಕೊಲೆಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ ಎಂದು ಎಣಿಸಿರಲಿಲ್ಲ.

"ದ್ವೀಪ ಮುಂದೆ ಕಾಣ್ತು ಅಂದ್ಯಲ್ಲ" ಎಂದೆ.

"ಕನಸಲ್ಲೂ ಕಾಣ್ತವೆ."

"ನಿಂಗೆ ಖಾತ್ರಿ ಇತ್ತು."

"ಬಾಟ್ಲಿಗಿಂತ ನಂಗೆ ಖಾತ್ರಿಯಾ? ಬರಿಯೆ. ಸುಮ್ನೆ ಬರಿ."

ಬರೆದೆ. ಆಗಲೇ ಹೇಳಬಹುದಿತ್ತು. ಮೂರು ವರ್ಷ ತುಂಬಲು ಇನ್ನೂ ಆರೇಳು ತಿಂಗಳಿತ್ತು. ಭಂಡಾರಿ ಅದೇ ಹಡಗಿನಲ್ಲಿದ್ದ, ಅಲ್ಲಿನ ಅಧಿಕಾರಿಯ ದಿನಚರಿಯೂ ಇತ್ತು. ಕಾಗದವನ್ನು ಸಂತೆಗೆ ಒಯ್ದು ಟಪಾಲಿಗೆ ಹಾಕಿದವಳೂ ನಾನೇ. ಅಣ್ಣನಿಗೆ ಬಂದದ್ದನ್ನು ತಡೆದ ನಾನು, ಅವನು ಬರೆಸಿದ ಅವೆರಡನ್ನು ತಡೆಯಲಿಲ್ಲ. ಆಮೇಲೆ ಭಂಡಾರಿಯಿಂದ ಒಂದು ಸಾಲೂ ಬರಲಿಲ್ಲ. ಹೇಳಿದರೆ ಅವನು ನನ್ನನ್ನು ಏನೆಂದುಕೊಳ್ಳುತ್ತಾನೋ ಎಂಬ ಭಯ ಒಂದು. ಇನ್ನೂ ಸ್ವಲ್ಪ ಅನುಭವಿಸಲಿ ಎಂಬುದು ಇನ್ನೊಂದು. ಎರಡನೆಯದು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಣ್ಣ ಹೊಳೆಯಲ್ಲಿ ದೋಣಿ ಹಾಕುವ ಕೆಲಸ ಹಿಡಿದ. ಜನರನ್ನು, ಗೊಬ್ಬರದ ಮೂಟೆಗಳನ್ನು ಆಚೆ ದಾಟಿಸುವುದು. ಯಾರಾದರೂ ಹಡಗಿನ ಮಾತೆತ್ತಿ ತಮಾಷೆ ಮಾಡಿದರೆ ಮೊದಲಿನ ಹಾಗೆ ವಾದ ಮಾಡುತ್ತಿರಲಿಲ್ಲ. "ಹೌದಪ್ಪ, ನಿದ್ದೆ ಮಾಡ್ದೆ. ಒಬ್ಬ ಸತ್ತ" ಎನ್ನುತ್ತಿದ್ದ. ತಮಾಷೆ ತಾನಾಗಿ ನಿಂತುಹೋಯಿತು. ಊರಿಗೆ ಅವನ ಮೇಲೆ ಒಂದು ಥರ ಗೌರವ ಬಂತು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಕೊಡಗು ಮೈಸೂರಿಗೆ ಸೇರುವ ಮಾತು ನಡೆಯುತ್ತಿದ್ದ ವರ್ಷ ನನಗೆ ಕೊಡ್ಲಿಪೇಟೆಯ ಕಡೆ ಸಂಬಂಧ ಗೊತ್ತಾಯಿತು. ಮದುವೆಗೆ ಹತ್ತು ದಿನ ಇರುವಾಗ, ದೋಣಿ ಖಾಲಿ ಇದ್ದ ಒಂದು ಬೆಳಿಗ್ಗೆ, ಅವನ ಎದುರು ಹಲಗೆಯ ಮೇಲೆ ಕೂತು ಎಲ್ಲ ಹೇಳಿದೆ. ಆರು ಸಂತೆಯ ಸುಳ್ಳು, ಅನ್ನದ ಅಂಟು, ಹುಣಿಸೆ ಮರ, ನಾಲ್ಕು ಚೀಟಿ, ಬಚ್ಚಲ ಒಲೆ. ಯಾಕೆ ಮಾಡಿದೆ ಎಂಬುದನ್ನೂ ಹೇಳಿದೆ.

ಅಣ್ಣ ದೋಣಿ ತಳ್ಳುವ ಬಿದಿರಿನ ಗಣೆಯನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡು ಕೇಳಿಸಿಕೊಂಡ. ಕೊನೆಗೆ, "ನಾಲ್ಕೂ ಮ್ಯಾಕೇ ಹೋಗಿದ್ವಾ?" ಎಂದ.

"ನಾಲ್ಕೂ."

"ಎಲ್ಲೆಲ್ಲಿ ಸಿಕ್ಕಿದ್ವು?"

"ಸಿಂಗರಾಜದಲ್ಲಿ ಎರಡು. ಕಂಗೆಯಾನ್‌ನಲ್ಲಿ ಒಂದು. ಇನ್ನೊಂದರ ಹೆಸರು ಮರೆತೋಯ್ತು."

ಅವನು ಮೆಲ್ಲಗೆ ನಕ್ಕ. "ಎರಡೂ ನಮ್ಮ ಗೋಡೆ ಮ್ಯಾಲೆ ಇರೋ ಹೆಸರು ಕಣೆ. ಗೋಡೆ ಮ್ಯಾಲೆ ಇಲ್ಲದ ಒಂದು ಹೆಸರು ಹೇಳು."

ನನಗೆ ಹೊಳೆಯಲಿಲ್ಲ. ಒಂದೇ ಸಲ ಓದಿದ್ದೆ, ಓದಿ ಸುಟ್ಟಿದ್ದೆ. "ಭಂಡಾರಿಗೆ ಬರೆದು ಕೇಳು" ಎಂದೆ.

"ಭಂಡಾರಿ ಕಡಲು ಬಿಟ್ಟು ವರ್ಷ ಆಯ್ತು. ಎಲ್ಲವ್ನೋ ಏನೋ. ಆಮೇಲೆ ನಾನು ಬರೆದ ಎರಡು ಕಾಗದ ವಾಪಸ್ ಬಂದ್ವು, ನೀನೇ ತಂದುಕೊಟ್ಯಲ್ಲ."

"ನಾನು ಸುಳ್ಳು ಹೇಳ್ತಿಲ್ಲಣ್ಣ. ಸುಟ್ಟಿದ್ದು ನಾನೇ."

"ಮದುವೆಯಾಗಿ ಹೋಗೋಳು, ಅಣ್ಣನ ಭಾರ ಇಳಿಸಿ ಹೋಗಣ ಅಂತ ಬಂದಿದೀಯ. ನಂಗೆ ಗೊತ್ತಾಗಲ್ವಾ?" ಎಂದು ಎದ್ದು ನಿಂತ. ಆಚೆ ದಡದಲ್ಲಿ ಒಬ್ಬ ಹೆಂಗಸು ಕೋಳಿ ಬುಟ್ಟಿ ಹಿಡಿದು ಕೂಗುತ್ತಿದ್ದಳು. "ನೀನು ಅಷ್ಟು ಕೆಟ್ಟೋಳಲ್ಲ ಕಣೆ. ಆರು ವಾರ ಸುಳ್ಳು ಹೇಳೋಕೆ ನಿನ್ನ ಕೈಲಾಯ್ತದಾ? ಅವ್ವನ್ನ ಐದು ವರ್ಷ ನೋಡ್ಕೊಂಡೋಳು ನೀನು."

ಆ ಐದು ವರ್ಷವೇ ಕಾರಣ ಎಂದು ಮತ್ತೊಮ್ಮೆ ಹೇಳಿದೆ. ಅವನು ದೋಣಿಯನ್ನು ದಡದಿಂದ ತಳ್ಳಿ, "ಇಳಿ, ಸೀರೆ ನೆನೀತದೆ" ಎಂದ.

ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಿದ. ವರ್ಷಕ್ಕೊಮ್ಮೆ ಕೊಡ್ಲಿಪೇಟೆಗೆ ಬಂದು ನಾಲ್ಕು ದಿನ ಇರುತ್ತಿದ್ದ. ನನ್ನ ಮಕ್ಕಳು ಹಡಗಿನ ಕಥೆ ಹೇಳು ಮಾವ ಎಂದು ಮುತ್ತಿಕೊಂಡರೆ, ಎಲ್ಲ ಕಡಲುಗಳನ್ನೂ ಹೇಳಿ, ಕೊನೆಗೆ ತಾನು ನಿದ್ದೆ ಮಾಡಿದ್ದಕ್ಕೆ ಒಬ್ಬ ತಾಯಿಯ ಮಗ ಸತ್ತ ಎಂದು ಹೇಳಿಯೇ ನಿಲ್ಲಿಸುತ್ತಿದ್ದ. ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಒಂದು ಸಲ ನಾನು ಅಡುಗೆಮನೆಯಿಂದ ಬಂದು ಮಕ್ಕಳ ಎದುರೇ, ನಿಮ್ಮ ಮಾವ ನಿದ್ದೆ ಮಾಡಿರಲಿಲ್ಲ, ನೀರು ತಿರುಗಿತ್ತು, ಅದರ ಸಾಕ್ಷಿ ಸುಟ್ಟವಳು ನಾನು ಎಂದೆ. ದೊಡ್ಡವಳು ಮಾವನ ಮುಖ ನೋಡಿದಳು.

"ನಿಮ್ಮವ್ವ ಹಂಗೇ. ಮೊದಲಿಂದಾನೂ ನನ್ನ ಬಿಟ್ಟುಕೊಡೋಳಲ್ಲ" ಎಂದ ಅಣ್ಣ. ಮಕ್ಕಳು ಅವನನ್ನು ನಂಬಿದರು.